ಅಳತೆಗೆ ಸಿಗದ ಉರಿ

ಮಗುವಿನ ಹಣೆ ಮುಟ್ಟಿ ನೋಡಿದ ಅಜ್ಜಿ ‘ಮೈ ಕಾಯ್ತಾ ಇದೆ’ ಎನ್ನುತ್ತಾಳೆ. ಅಪ್ಪ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ‘ಇಲ್ಲವಲ್ಲ, 98.4 ಇದೆ’ ಎನ್ನುತ್ತಾನೆ. ಇವರಿಬ್ಬರ ವಾದದ ನಡುವೆ ಮಲಗಿರುವ ಮಗು ‘ನಂಗೆ ಚಳಿ ಆಗ್ತಿದೆ’ ಎಂದು ಮುದುರಿಕೊಳ್ಳುತ್ತದೆ. ಯಾರನ್ನು ನಂಬಬೇಕು? ಎಲ್ಲರ ಮನೆಯಲ್ಲೂ ವರ್ಷಕ್ಕೆ ನಾಲ್ಕು ಸಲ ನಡೆಯುವ ಮಾತು ಇದು. ಬೆಳಗಾಗುವ ಹೊತ್ತಿಗೆ ಜ್ವರ ಏರಿಯೋ ಇಳಿದೋ ತಾನಾಗಿ ತೀರ್ಮಾನವಾಗಿಬಿಡುತ್ತದೆ, ನಾವು ಪ್ರಶ್ನೆಯನ್ನು ಮರೆತು ತಿಂಡಿಯ ಯೋಚನೆಗೆ ತೊಡಗುತ್ತೇವೆ. ಆದರೆ ಪ್ರಶ್ನೆ ಅಲ್ಲೇ ಉಳಿದಿರುತ್ತದೆ. ಅನುಭವಿಸುವ ಜೀವ ಒಂದು ಹೇಳುತ್ತದೆ, ಅಳೆಯುವ ಉಪಕರಣ ಇನ್ನೊಂದು ಹೇಳುತ್ತದೆ. ಆಗ ನಮ್ಮ ಧರ್ಮ ಯಾವುದು?

ನಾನು ಅಳತೆಯ ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 28 ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳು ನಾನು. ತಕ್ಕಡಿ ಇಲ್ಲದ ಅಂಗಡಿಯಲ್ಲಿ ಅಂಗಡಿಯವನ ಕೈಯೇ ತೂಕ. ಅಳತೆ ಇಲ್ಲದ ಕಡೆ ಜೋರು ಬಾಯಿಯವರ ಮಾತೇ ನಡೆಯುತ್ತದೆ. ‘ಹೆಣ್ಣುಮಕ್ಕಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ’ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿದ್ದು ಯಾರ ಉಪನ್ಯಾಸವೂ ಅಲ್ಲ, ಹುಡುಗಿಯರು ತೆಗೆದ ಅಂಕಗಳು. ಹಾಗಾಗಿ ಅಂಕಿಯೆಂದರೆ ನನಗೆ ಗೌರವವಿದೆ. ಗೌರವವಿರುವುದರಿಂದಲೇ ಈ ಪ್ರಶ್ನೆ ನನ್ನನ್ನು ಕಾಡಿತು.

ಕಾಡಲು ಕಾರಣವಾದದ್ದು ನನ್ನ ಓರಗಿತ್ತಿಯ ಕಾಯಿಲೆ. ಅವರು ನನಗಿಂತ ಏಳು ವರ್ಷ ದೊಡ್ಡವರು, ಮದುವೆಯಾಗಿ ಬಂದ ದಿನದಿಂದಲೂ ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಎದೆಯಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆದ ಮೇಲೆ ಡಾಕ್ಟರು ಐದು ವಾರ ರೇಡಿಯೇಷನ್ ಆಗಬೇಕೆಂದರು. ನಮ್ಮ ಕಡೆಯ ಜನ ಅದನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಬೇಸಿಗೆ ರಜೆಯಾದ್ದರಿಂದ ಬೆಂಗಳೂರಿನಲ್ಲಿ ಅವರ ಜೊತೆಗಿರುವ ಪಾಳಿ ನನ್ನದಾಯಿತು. ದಿನಾ ಬೆಳಿಗ್ಗೆ ಅವರು ಒಳಗೆ ಹೋದರೆ ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಚಿಕಿತ್ಸೆಯೇನೋ ಕೆಲವೇ ನಿಮಿಷ, ಕಾಯುವುದು ಗಂಟೆಗಟ್ಟಲೆ. ಕಾಯುತ್ತಾ ಕೂತವಳಿಗೆ ಆ ಬಾಗಿಲ ಹಿಂದೆ ಏನಿದೆ ಎಂಬ ಕುತೂಹಲ ಹುಟ್ಟಿತು. ಬಿ.ಎ., ಬಿ.ಎಡ್. ಮಾಡಿ ಕನ್ನಡ, ಸಮಾಜ ಪಾಠ ಮಾಡಿಕೊಂಡಿದ್ದವಳಿಗೆ ಭೌತಶಾಸ್ತ್ರ ಎಲ್ಲಿಂದ ಬರಬೇಕು? ಅಲ್ಲಿನ ಮೆಡಿಕಲ್ ಫಿಸಿಸಿಸ್ಟ್ ತಾಳ್ಮೆಯಿಂದ ಹೇಳಿದರು. ಆಮೇಲೆ ನನ್ನ ತಮ್ಮನ ಮಗ ಒಂದು ಉದ್ದದ ಲೇಖನವನ್ನು ಅಚ್ಚು ಹಾಕಿಸಿ ತಂದುಕೊಟ್ಟ. 1993ರಲ್ಲಿ ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ ಎಂಬ ಇಬ್ಬರು ಬರೆದದ್ದು. ಥೆರಾಕ್-25 ಎಂಬ ಯಂತ್ರದಿಂದ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಜನ ಸುಟ್ಟುಹೋದ ಕಥೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಹದಿನೈದು ದಿನ ಓದಿದೆ. ಅಕ್ಕನಿಗೆ ಮಾತ್ರ ಅದನ್ನು ತೋರಿಸಲಿಲ್ಲ.

ಯಂತ್ರ ಅರ್ಥವಾಗಬೇಕಾದರೆ ನಮ್ಮ ಹಳೆಯ ಡಬ್ಬಿ ಟಿ.ವಿ.ಯನ್ನು ನೆನಪು ಮಾಡಿಕೊಳ್ಳಿ. ಅದರ ಹಿಂಭಾಗ ಯಾಕೆ ಅಷ್ಟು ಉದ್ದಕ್ಕೆ ಚಾಚಿಕೊಂಡಿತ್ತು ಗೊತ್ತೇ? ಅಲ್ಲಿ ಒಂದು ಸಣ್ಣ ತಂತಿ ಕಾಯುತ್ತಿತ್ತು. ಕಾದ ಲೋಹದಿಂದ ಹೊರಬಿದ್ದ ಎಲೆಕ್ಟ್ರಾನುಗಳನ್ನು ಸುಮಾರು 20 ಸಾವಿರ ವೋಲ್ಟಿನ ಸೆಳೆತ ಪರದೆಯ ಕಡೆಗೆ ಓಡಿಸುತ್ತಿತ್ತು. ಕತ್ತಿನ ಸುತ್ತ ಇದ್ದ ತಂತಿಯ ಸುರುಳಿಗಳು ಅಯಸ್ಕಾಂತದಂತೆ ವರ್ತಿಸಿ ಆ ಎಲೆಕ್ಟ್ರಾನ್ ಕಿರಣವನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ಎಳೆದಾಡಿ ಪರದೆಯ ಮೇಲೆ ಗೆರೆ ಗೆರೆಯಾಗಿ ಚಿತ್ರ ಬರೆಯುತ್ತಿದ್ದವು. ಮಕ್ಕಳು ಪರದೆಯ ಹತ್ತಿರ ಅಯಸ್ಕಾಂತ ಹಿಡಿದರೆ ಬಣ್ಣವೆಲ್ಲ ಕಲಸಿಹೋಗಿ ನಾವು ಬೈಯುತ್ತಿದ್ದೆವಲ್ಲ, ಕಿರಣ ದಾರಿ ತಪ್ಪುತ್ತಿದ್ದುದರಿಂದ ಹಾಗಾಗುತ್ತಿತ್ತು. ಅಂದರೆ ನಮ್ಮ ಹಜಾರದ ಮೂಲೆಯಲ್ಲಿ, ಕಸೂತಿಯ ಬಟ್ಟೆ ಹೊದಿಸಿಟ್ಟಿದ್ದ ಆ ಪೆಟ್ಟಿಗೆ ಒಂದು ಪುಟ್ಟ ಕಣವೇಗವರ್ಧಕವೇ ಆಗಿತ್ತು!

ಕ್ಯಾನ್ಸರ್ ಆಸ್ಪತ್ರೆಯ ಯಂತ್ರವೂ ಅದೇ ಜಾತಿಯದು. ಲೀನಿಯರ್ ಆಕ್ಸೆಲರೇಟರ್ ಎಂದು ಅದರ ಹೆಸರು. ಅಲ್ಲಿ ಎಲೆಕ್ಟ್ರಾನುಗಳ ಓಟ ಬೆಳಕಿನ ವೇಗದ ಹತ್ತಿರಕ್ಕೆ ಹೋಗುತ್ತದೆ. ಥೆರಾಕ್-25ರಲ್ಲಿದ್ದ 25 ಎಂಬ ಅಂಕಿ 25 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಸೂಚನೆ. ಅದು ಎರಡು ಬಗೆಯಲ್ಲಿ ಕೆಲಸ ಮಾಡುತ್ತಿತ್ತು. ಗೆಡ್ಡೆ ಚರ್ಮಕ್ಕೆ ಹತ್ತಿರವಿದ್ದರೆ ಎಲೆಕ್ಟ್ರಾನ್ ಕಿರಣವನ್ನೇ ಅಯಸ್ಕಾಂತಗಳಿಂದ ಅಗಲವಾಗಿ ಹರಡಿ ಮೆಲ್ಲಗೆ ಬಿಡುವುದು. ಗೆಡ್ಡೆ ಆಳದಲ್ಲಿದ್ದರೆ ಸುಮಾರು ನೂರು ಪಟ್ಟು ಜೋರಾದ ಕಿರಣವನ್ನು ಒಂದು ಲೋಹದ ಬಿಲ್ಲೆಗೆ ಹೊಡೆಸಿ, ಅದರಿಂದ ಹುಟ್ಟುವ ಎಕ್ಸ್-ರೇಯನ್ನು ಸಮ ಮಾಡಿ ಕಳಿಸುವುದು. ಕಿರಣದ ದಾರಿಯಲ್ಲಿ ಒಂದು ತಿರುಗುವ ಮಣೆ. ಯಾವ ಚಿಕಿತ್ಸೆಯೋ ಅದಕ್ಕೆ ತಕ್ಕ ಸಾಮಾನು ಎದುರಿಗೆ ಬರುವಂತೆ ಆ ಮಣೆ ತಿರುಗಬೇಕು. ನೂರು ಪಟ್ಟು ಜೋರಿನ ಕಿರಣ ಬಂದಾಗ ಮಣೆಯ ಮೇಲೆ ಲೋಹದ ಬಿಲ್ಲೆ ಇಲ್ಲದೆ ಹೋದರೆ? ಸೂಜಿಯಂತೆ ಒಂದೇ ಕಡೆ ಕೂಡಿದ ಕಿರಣ ನೇರವಾಗಿ ಮೈಗೆ ಹೊಡೆಯುತ್ತದೆ. ಹಳೆಯ ಥೆರಾಕ್-20ರಲ್ಲಿ ಹಾಗಾಗದಂತೆ ತಡೆಯಲು ಪ್ರತ್ಯೇಕವಾದ ಬೀಗಗಳಂಥ ವ್ಯವಸ್ಥೆ ಯಂತ್ರದಲ್ಲೇ ಇತ್ತು. ಹೊಸದರಲ್ಲಿ ಆ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದರು. ಕಂಪ್ಯೂಟರ್ ಮರೆಯುವುದಿಲ್ಲ, ದಣಿಯುವುದಿಲ್ಲ ಎಂಬ ನಂಬಿಕೆ.

ಇನ್ನು ನಡೆದದ್ದು ಕೇಳಿ. 1985ರ ಜೂನ್. ಅಮೆರಿಕದ ಜಾರ್ಜಿಯಾ ರಾಜ್ಯದ ಮರಿಯೆಟ್ಟಾ ಎಂಬ ಊರು. 61 ವರ್ಷದ ಹೆಂಗಸು. ನಮ್ಮ ಅಕ್ಕನಂತೆಯೇ ಎದೆಯ ಗಂಟು ತೆಗೆಸಿಕೊಂಡು ರೇಡಿಯೇಷನ್ನಿಗೆ ಬಂದವಳು. ಯಂತ್ರ ಚಾಲೂ ಆದ ಗಳಿಗೆಯಲ್ಲಿ ಕಾದ ಕಬ್ಬಿಣದಂಥ ಬಿಸಿ ಮೈಯನ್ನು ಹೊಕ್ಕಂತಾಯಿತು. ಟೆಕ್ನೀಷಿಯನ್ ಒಳಗೆ ಬಂದಾಗ ‘ನೀವು ನನ್ನನ್ನು ಸುಟ್ಟುಬಿಟ್ಟಿರಿ’ ಎಂದಳು. ಅದು ಸಾಧ್ಯವೇ ಇಲ್ಲ ಎಂಬ ಉತ್ತರ ಬಂತು. ಮೈಮೇಲೆ ಆಗ ಗುರುತೇನೂ ಇರಲಿಲ್ಲ, ಮುಟ್ಟಿದರೆ ಆ ಜಾಗ ಬೆಚ್ಚಗಿತ್ತು ಅಷ್ಟೆ. ಒಂದು ಸಲಕ್ಕೆ ಸುಮಾರು 200 ರ್‍ಯಾಡ್ ಕೊಡುವುದು ವಾಡಿಕೆ. ಅವಳಿಗೆ ಬಿದ್ದದ್ದು 15 ರಿಂದ 20 ಸಾವಿರ ಇರಬೇಕೆಂದು ಆಮೇಲೆ ಅಂದಾಜು ಮಾಡಿದರು. ಅವಳ ಸ್ತನವನ್ನು ತೆಗೆಯಬೇಕಾಯಿತು. ಭುಜ ಮತ್ತು ತೋಳು ಕೆಲಸಕ್ಕೆ ಬಾರದಂತಾದವು. ಆ ಆಸ್ಪತ್ರೆಯ ಭೌತವಿಜ್ಞಾನಿ ಯಂತ್ರ ತಯಾರಿಸಿದ ಕಂಪನಿಗೆ ಫೋನು ಮಾಡಿ, ಕಿರಣ ಹರಡದೆಯೇ ಹೊರಬರುವ ಸಂಭವ ಇದೆಯೇ ಎಂದು ಕೇಳಿದ್ದರು. ಇಲ್ಲ ಎಂಬ ಉತ್ತರವೇ ಅಲ್ಲಿಂದಲೂ ಬಂತು.

ಮುಂದಿನ ತಿಂಗಳು ಕೆನಡಾದ ಹ್ಯಾಮಿಲ್ಟನ್ನಿನಲ್ಲಿ 40 ವರ್ಷದ ಇನ್ನೊಬ್ಬ ಹೆಂಗಸು. ಗರ್ಭಕೋಶದ ಕೊರಳಿನ ಕ್ಯಾನ್ಸರ್. ಯಂತ್ರ ಐದು ಸೆಕೆಂಡಿಗೆ ನಿಂತುಹೋಯಿತು. ‘ಡೋಸ್ ಹೋಗಿಲ್ಲ’ ಎಂದು ಪರದೆ ತೋರಿಸಿತು. ಹೋಗಿಲ್ಲವಲ್ಲ ಎಂದು ಆಪರೇಟರ್ ಮುಂದುವರಿಸುವ ಗುಂಡಿ ಒತ್ತಿದರು. ಮತ್ತೆ ನಿಂತಿತು. ಹೀಗೆ ಒಟ್ಟು ಐದು ಸಲ. ಸೊಂಟದ ಹತ್ತಿರ ಉರಿಯುತ್ತದೆ ಎಂದು ಆಕೆ ಹೇಳಿದಳು. ಅದೇ ನವೆಂಬರಿನಲ್ಲಿ ಆಕೆ ತೀರಿಕೊಂಡಳು. ಸತ್ತದ್ದು ಕ್ಯಾನ್ಸರಿನಿಂದಲೇ. ಆದರೆ ಬದುಕಿದ್ದರೆ ಸೊಂಟದ ಕೀಲನ್ನೇ ಬದಲಿಸಬೇಕಾಗುವಷ್ಟು ಒಳಗೆ ಸುಟ್ಟಿತ್ತು. ಕಂಪನಿಯವರು ಬಂದು ಪರೀಕ್ಷಿಸಿದರು, ಅದೇ ತೊಂದರೆ ಅವರ ಎದುರಿಗೆ ಮತ್ತೆ ಕಾಣಿಸಿಕೊಳ್ಳಲಿಲ್ಲ. ಒಂದು ಸಣ್ಣ ಸ್ವಿಚ್ಚಿನ ಮೇಲೆ ಅನುಮಾನಪಟ್ಟು ಅದನ್ನು ಸರಿಪಡಿಸಿ, ಈಗ ಯಂತ್ರ ಮೊದಲಿಗಿಂತ ಒಂದು ಲಕ್ಷ ಪಟ್ಟು ಸುರಕ್ಷಿತ ಎಂದು ಹೇಳಿದರು. ಲಕ್ಷ ಪಟ್ಟು! ಕಾರಣವೇ ತಿಳಿಯದ ಕೇಡಿಗೆ ಇಷ್ಟು ನಿಖರವಾದ ಪರಿಹಾರ ಹೇಗೆ ಸಿಕ್ಕಿತೋ. ಅಂಕಿಯ ರೂಪದಲ್ಲಿ ಬಂದದ್ದೆಲ್ಲ ಅಳತೆಯಲ್ಲ ಎಂಬುದು ನನಗೆ ಹೊಳೆದದ್ದು ಇಲ್ಲಿ. ನಮ್ಮ ಶಾಲೆಗಳಿಂದ ಮೇಲಿನವರಿಗೆ ಹೋಗುವ ಕೆಲವು ಶೇಕಡಾವಾರು ವರದಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1986ರ ಮಾರ್ಚ್ 21ರಂದು ಟೆಕ್ಸಾಸ್ ರಾಜ್ಯದ ಟೈಲರ್ ಎಂಬ ಊರಿನಲ್ಲಿ ನಡೆದದ್ದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂತೆ. ಆಪರೇಟರ್ ಹೆಂಗಸು ಅನುಭವಸ್ಥೆ, ಬೆರಳುಗಳು ಚುರುಕು. ಎಲೆಕ್ಟ್ರಾನ್ ಎಂಬುದಕ್ಕೆ ‘ಇ’ ಅಕ್ಷರ ಒತ್ತಬೇಕಾದ ಕಡೆ ಎಕ್ಸ್-ರೇಯ ‘ಎಕ್ಸ್’ ಬಿದ್ದಿತ್ತು. ತಕ್ಷಣ ಹಿಂದಕ್ಕೆ ಹೋಗಿ ತಿದ್ದಿದರು. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣಿಸಿತು. ಆದರೆ ಒಳಗಿನ ಅಯಸ್ಕಾಂತಗಳು ಸಿದ್ಧವಾಗಲು ಸುಮಾರು 8 ಸೆಕೆಂಡು ಹಿಡಿಯುತ್ತಿತ್ತು, ಆ 8 ಸೆಕೆಂಡಿನೊಳಗೆ ಮಾಡಿದ ತಿದ್ದುಪಡಿಯನ್ನು ಕಂಪ್ಯೂಟರ್ ಗಮನಿಸುತ್ತಲೇ ಇರಲಿಲ್ಲ. ಎಂಥ ವಿಪರ್ಯಾಸ ನೋಡಿ. ನಿಧಾನವಾಗಿ ತಡವರಿಸುವ ಹೊಸಬರ ಕೈಯಲ್ಲಿ ಈ ಅಪಾಯವಿರಲಿಲ್ಲ, ಕೆಲಸ ಕಲಿತು ಕೈ ಪಳಗಿದವರಿಗೇ ಅದು ಕಾದಿತ್ತು.

‘ಮಾಲ್‌ಫಂಕ್ಷನ್ 54’ ಎಂದು ಪರದೆ ತೋರಿಸಿತು. ಅದರ ಅರ್ಥ, ಡೋಸ್ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ! ಎರಡಕ್ಕೂ ಒಂದೇ ಸೂಚನೆ. ಪಕ್ಕದಲ್ಲಿದ್ದ ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು. 202 ಯೂನಿಟ್ ಹೋಗಬೇಕಾದ ಕಡೆ ಬರೀ 6 ಹೋಗಿದೆ ಎಂದು. ಆ ಯಂತ್ರ ದಿನದಿನವೂ ಇಂಥ ಸೂಚನೆ ತೋರಿಸಿ ನಿಲ್ಲುತ್ತಿದ್ದುದರಿಂದ ಆಕೆ ಮುಂದುವರಿಸುವ ಗುಂಡಿ ಒತ್ತಿದರು. ಒಳಗೆ ಮಲಗಿದ್ದ ಗಂಡಸು ಬೆನ್ನಿಗೆ ಮೊದಲ ಹೊಡೆತ ಬಿದ್ದು ಏಳಲು ಹೊರಟಿದ್ದ. ಎರಡನೆಯದು ತೋಳಿಗೆ ಬಿತ್ತು. ಅವನು ಹೋಗಿ ಬಾಗಿಲು ಬಡಿದ. ಅಂದು ಕೋಣೆಯ ಕ್ಯಾಮೆರಾದ ಸಂಪರ್ಕ ಇರಲಿಲ್ಲ, ಧ್ವನಿ ಕೇಳಿಸುವ ಪೆಟ್ಟಿಗೆ ಕೆಟ್ಟಿತ್ತು. ನೋಡಲು ಕಣ್ಣಿಲ್ಲ, ಕೇಳಲು ಕಿವಿಯಿಲ್ಲ, ಉಳಿದದ್ದು ಒಂದು ಅಂಕಿ ಮಾತ್ರ. ಆ ಅಂಕಿ ‘6’ ಎನ್ನುತ್ತಿತ್ತು. ಅವನ ಮೈಗೆ ಬಿದ್ದದ್ದು 16,500ರಿಂದ 25 ಸಾವಿರ ರ್‍ಯಾಡ್, ಒಂದು ಸೆಂಟಿಮೀಟರಿನಷ್ಟು ಜಾಗದ ಮೇಲೆ, ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ. ಐದು ತಿಂಗಳ ನಂತರ ಅವನು ತೀರಿಕೊಂಡ.

ಅಷ್ಟು ಬಿದ್ದರೂ 6 ಎಂದು ಯಾಕೆ ತೋರಿಸಿತು? ನಾನು ಫಿಸಿಸಿಸ್ಟರನ್ನು ಕೇಳಿದ್ದು ಇದನ್ನೇ. ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕಿರಣವನ್ನು ಅಳೆಯಲು ಅದರ ದಾರಿಯಲ್ಲಿ ಅಯಾನ್ ಚೇಂಬರ್ ಎಂಬ ತೆಳುವಾದ ಕೋಶ ಇರುತ್ತದೆ. ಕಿರಣ ಅದರೊಳಗಿನ ಅನಿಲವನ್ನು ಹಾದುಹೋಗುವಾಗ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬೇರೆಯಾಗುತ್ತವೆ. ಹೀಗೆ ಬೇರ್ಪಟ್ಟ ಧನ, ಋಣ ಕಣಗಳನ್ನು ಎರಡು ತಗಡುಗಳು ಎಳೆದುಕೊಂಡು ಲೆಕ್ಕ ಇಡುತ್ತವೆ. ಹದವಾಗಿ ಬರುವ ಕಿರಣಕ್ಕೆ ಇದು ಬಹಳ ನಂಬಿಕಸ್ಥ ಲೆಕ್ಕ. ಆದರೆ ಒಮ್ಮೆಗೇ ವಿಪರೀತವಾಗಿ ನುಗ್ಗಿದರೆ, ಒಡೆದ ಕಣಗಳು ತಗಡು ಸೇರುವ ಮೊದಲೇ ಒಂದನ್ನೊಂದು ಕೂಡಿಕೊಂಡುಬಿಡುತ್ತವೆ, ಲೆಕ್ಕಕ್ಕೆ ಸಿಗುವುದಿಲ್ಲ. ಜಾತ್ರೆಯ ಬಾಗಿಲಲ್ಲಿ ನಿಂತು ಒಳಗೆ ಹೋಗುವವರನ್ನು ಎಣಿಸುವ ಹುಡುಗನನ್ನು ನೆನೆಸಿಕೊಳ್ಳಿ. ಸಾಲಾಗಿ ಬಂದರೆ ಸರಿಯಾಗಿ ಎಣಿಸುತ್ತಾನೆ. ಸಾವಿರ ಜನ ಒಟ್ಟಿಗೆ ನುಗ್ಗಿದರೆ ಅವನ ಬೆರಳಿಗೆ ಸಿಕ್ಕುವುದು ಹತ್ತೋ ಹನ್ನೆರಡೋ. ಅವನ ಪುಸ್ತಕ ನೋಡಿದವರು ಇವತ್ತು ಜಾತ್ರೆಗೆ ಜನವೇ ಬರಲಿಲ್ಲ ಎಂದುಕೊಳ್ಳಬೇಕು!

ಇದನ್ನು ಕೇಳಿದ ಮೇಲೆ ನನ್ನ ಪ್ರಶ್ನೆಯ ರೂಪವೇ ಬದಲಾಯಿತು. ಉಪಕರಣ ಸುಳ್ಳು ಹೇಳುತ್ತದೆಯೇ ಎಂದು ನಾನು ಯೋಚಿಸುತ್ತಿದ್ದೆ. ಸುಳ್ಳಲ್ಲ ಅದು. ತನ್ನ ಅಳವಿಗೆ ಮೀರಿದ್ದು ಬಂದಾಗ ಅದು ‘ನನ್ನಿಂದಾಗದು’ ಎನ್ನುವುದರ ಬದಲು ‘ಸ್ವಲ್ಪವೇ’ ಎಂದುಬಿಡುತ್ತದೆ.

ಟೈಲರಿನ ಆಸ್ಪತ್ರೆಯವರು ಯಂತ್ರ ನಿಲ್ಲಿಸಿ ಕಂಪನಿಯವರನ್ನು ಕರೆಸಿದರು. ಅವರು ಒಂದು ದಿನವೆಲ್ಲ ಪರೀಕ್ಷಿಸಿದರೂ 54 ಮತ್ತೆ ಬರಲಿಲ್ಲ. ರೋಗಿ ‘ಶಾಕ್ ಹೊಡೆದಂತಾಯಿತು’ ಎಂದಿದ್ದ. ಹಾಗಾದರೆ ವಿದ್ಯುತ್ ಶಾಕ್ ಇರಬೇಕು ಎಂದುಕೊಂಡು ಬೇರೆ ಎಂಜಿನಿಯರುಗಳಿಂದಲೂ ಪರೀಕ್ಷೆ ಮಾಡಿಸಿದರು. ವಿದ್ಯುತ್ ಸೋರಿಕೆ ಇಲ್ಲ ಎಂದಾಯಿತು. ಏಪ್ರಿಲ್ 7ರಂದು ಯಂತ್ರ ಮತ್ತೆ ಕೆಲಸ ಶುರು ಮಾಡಿತು. ಏಪ್ರಿಲ್ 11ರಂದು ಅದೇ ಆಪರೇಟರ್, ಅದೇ ಬಗೆಯ ತಿದ್ದುಪಡಿ, ಅದೇ 54. ಈ ಸಲ ಧ್ವನಿಪೆಟ್ಟಿಗೆ ಸರಿಯಿತ್ತು. ಒಳಗಿನಿಂದ ನರಳುವ ಸದ್ದು ಕೇಳಿ ಆಕೆ ಓಡಿಹೋದರು. ಮುಖಕ್ಕೆ ಬೆಂಕಿ ಬಿದ್ದಂತಾಯಿತು ಎಂದು ಆ ರೋಗಿ ಹೇಳಿದ. ಮೂರು ವಾರಕ್ಕೆ ಅವನೂ ಹೋದ.

ನಮ್ಮ ಶಾಲೆಯ ವಿಜ್ಞಾನದ ಮೇಷ್ಟರ ಜೊತೆ ಇದನ್ನು ಚರ್ಚಿಸಿದೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ‘ಮೇಡಂ, ಚಿಕಿತ್ಸೆಗೆ ಬಂದ ಹತ್ತು ಜನ ಉರಿ ಅಂತಾರೆ. ಒಂಬತ್ತು ಜನರದ್ದು ಬರೀ ಭಯ. ಎಲ್ಲರನ್ನೂ ನಂಬಿ ಯಂತ್ರ ನಿಲ್ಲಿಸಿದರೆ ಹೊರಗೆ ಕಾಯುತ್ತಿರುವ ನೂರು ಜನರ ಗತಿ?’ ಎಂದರು. ನಿಜವೇ. ಒಂದು ಯಂತ್ರಕ್ಕೆ ಎಷ್ಟು ಉದ್ದದ ಸಾಲು ಇರುತ್ತದೆ ಎಂಬುದನ್ನು ನಾನೂ ಐದು ವಾರ ಕೂತು ನೋಡಿದ್ದೇನೆ. ಆದರೆ ನಂಬುವುದು ಎಂದರೆ ಏನು ಎಂಬುದನ್ನು ನಾವು ಸ್ವಲ್ಪ ಬಿಡಿಸಿಕೊಳ್ಳಬೇಕು ಎನಿಸುತ್ತದೆ. ‘ನನಗೆ ಉರಿಯಿತು’ ಎಂಬುದು ಒಂದು ಮಾತು. ‘ಯಂತ್ರ ಸುಟ್ಟಿತು’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉರಿ ಪಟ್ಟವರೇ ಸಾಕ್ಷಿ, ಅವರಿಗಿಂತ ದೊಡ್ಡ ಸಾಕ್ಷಿ ಲೋಕದಲ್ಲಿಲ್ಲ. ಎರಡನೆಯದಕ್ಕೆ ಅವರು ಸಾಕ್ಷಿಯಲ್ಲ, ಕಾರಣ ಹುಡುಕುವುದು ತಿಳಿದವರ ಕೆಲಸ. ಟೈಲರಿನ ರೋಗಿ ಶಾಕ್ ಎಂದದ್ದು ತನ್ನ ಅನುಭವಕ್ಕೆ ಸಿಕ್ಕ ಹೋಲಿಕೆ. ಪರೀಕ್ಷಿಸಿದವರು ಅವನ ಹೋಲಿಕೆಯನ್ನು ಪರೀಕ್ಷಿಸಿದರು, ಶಾಕ್ ಇಲ್ಲವೆಂದು ತಿಳಿದೊಡನೆ ಉರಿಯೂ ಇಲ್ಲವಾಯಿತು. ಮರಿಯೆಟ್ಟಾದಲ್ಲಿ ಆದದ್ದೂ ಇದೇ. ‘ಯಂತ್ರದಿಂದ ಸಾಧ್ಯವಿಲ್ಲ’ ಎಂಬ ಎರಡನೆಯ ಮಾತಿನ ಉತ್ತರದಿಂದ ಅವಳ ಮೊದಲನೆಯ ಮಾತನ್ನು ಮುಚ್ಚಿಬಿಟ್ಟರು.

ಹೆಂಗಸರಿಗೆ ಇದು ಹೊಸದೇ? ಹೆರಿಗೆಯಾಗಿ ಮೂರು ತಿಂಗಳಿಗೆ ಸೊಸೆ ‘ಯಾಕೋ ಮನಸ್ಸಿಗೆ ಸಮಾಧಾನವೇ ಇಲ್ಲ’ ಎಂದರೆ ಮನೆಯವರು ಉತ್ತರಿಸುವುದು ಹೇಗೆ? ‘ಮಗು ಚೆನ್ನಾಗಿದೆ, ಗಂಡ ಚೆನ್ನಾಗಿ ನೋಡ್ಕೋತಾನೆ, ನಿನಗೇನು ಕಡಿಮೆ?’ ಕಾರಣ ಕಾಣುತ್ತಿಲ್ಲ, ಆದ್ದರಿಂದ ನೋವು ಇಲ್ಲ. ಅವಳು ಕಾರಣ ಹೇಳಿದ್ದಳೇ? ಇಲ್ಲವಲ್ಲ, ನೋವಿದೆ ಎಂದಷ್ಟೇ ಹೇಳಿದ್ದು.

ಟೈಲರಿನ ಎರಡನೆಯ ಅವಘಡದ ನಂತರ ಆ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಒಂದು ಕೆಲಸ ಮಾಡಿದರು. ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡ ಕೆಲಸ. ಅವರು ಯಂತ್ರವನ್ನು ನಿಲ್ಲಿಸಿ, ಆಪರೇಟರ್ ಹೆಂಗಸಿನ ಜೊತೆ ಅದರ ಎದುರು ಕೂತರು. ತಾನು ಯಾವ ಗುಂಡಿಯ ನಂತರ ಯಾವುದನ್ನು ಒತ್ತಿದೆ ಎಂಬುದು ಆಕೆಗೆ ಚೆನ್ನಾಗಿ ನೆನಪಿತ್ತು. ಅದನ್ನೇ ಮತ್ತೆ ಮತ್ತೆ ಮಾಡಿ ನೋಡಿದರು. ಕೊನೆಗೆ ವೇಗವೇ ಮುಖ್ಯ ಎಂದು ಹೊಳೆಯಿತು. ಆಕೆಯಷ್ಟೇ ವೇಗವಾಗಿ ಒತ್ತಲು ಹೇಗರ್ ಕೂಡ ಅಭ್ಯಾಸ ಮಾಡಿದರು. ಬೇಕೆಂದಾಗ 54 ಬರುವಂತಾಯಿತು. ಕಂಪನಿಯ ತಂತ್ರಜ್ಞರಿಗೆ ಸಿಗದೆ ಹೋದದ್ದು, ದಿನವೂ ಆ ಯಂತ್ರದ ಮುಂದೆ ಕೂರುವ ಒಬ್ಬ ಹೆಂಗಸಿನ ಬೆರಳಿನ ನೆನಪಿನಲ್ಲಿ ಇತ್ತು. ಆಕೆಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಎಷ್ಟು ಸುಲಭವಿತ್ತು ಎಂದು ಯೋಚಿಸಿ. ಹೇಗರ್ ಆಕೆಯನ್ನು ವಿಚಾರಣೆ ಮಾಡಲಿಲ್ಲ, ಜೊತೆಗೆ ಕೂತು ಕೇಳಿದರು. ಹಾಗೆ ಕೇಳಿದ್ದರಿಂದಲೇ ಸರಿಯಾದ ಅಳತೆಯೂ ಸಾಧ್ಯವಾಯಿತು.

ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು, ಮಕ್ಕಳ ಜೊತೆ ಬಾಳಿದವಳಾದ್ದರಿಂದ ನನಗೆ ಇದು ಬಹಳ ಇಷ್ಟವಾಯಿತು. ಷಿಕಾಗೋದಲ್ಲಿ ವಿದ್ಯಾರ್ಥಿಗಳ ಕಲಿಕೆಗೆ ಹಳೆಯ ಥೆರಾಕ್-20 ಬಳಸುತ್ತಿದ್ದರು. ಹೊಸ ತರಗತಿ ಶುರುವಾದಾಗಲೆಲ್ಲ ವಾರಕ್ಕೆ ಮೂರು ಸಲವಾದರೂ ಅದರ ಫ್ಯೂಸ್ ಹೋಗುತ್ತಿತ್ತು. ಕೆಲವು ವಾರ ಕಳೆದರೆ ತಿಂಗಳುಗಟ್ಟಲೆ ತೊಂದರೆಯಿಲ್ಲ. ಟೈಲರಿನ ಸುದ್ದಿ ಬಂದ ಮೇಲೆ ಅಲ್ಲಿನ ಭೌತವಿಜ್ಞಾನಿ ಹುಡುಕಿದಾಗ ಗೊತ್ತಾಯಿತು, ಅದೇ ತಪ್ಪು ಈ ಹಳೆಯ ಯಂತ್ರದ ಕಂಪ್ಯೂಟರಿನಲ್ಲೂ ಇತ್ತು. ಹೊಸ ಹುಡುಗರು ಮನಸ್ಸಿಗೆ ಬಂದಂತೆ ಗುಂಡಿ ಒತ್ತಿದಾಗ ಆ ತಪ್ಪು ಎದ್ದು ಬರುತ್ತಿತ್ತು. ಆದರೆ ಹಳೆಯ ಯಂತ್ರದಲ್ಲಿ ಬೇರೆ ಬೀಗಗಳಿದ್ದುದರಿಂದ ಫ್ಯೂಸ್ ಸುಟ್ಟಿತು, ಮನುಷ್ಯರು ಸುಡಲಿಲ್ಲ. 1987ರಲ್ಲಿ ಥೆರಾಕ್-25ಕ್ಕೂ ಅಂಥ ಪ್ರತ್ಯೇಕ ತಡೆಗಳನ್ನು ಹಾಕಿಸಲಾಯಿತು.

ಇದನ್ನು ಓದಿ ಯಾರೂ ಹೆದರಿ ಚಿಕಿತ್ಸೆ ಬಿಡಬೇಡಿ. ಆ ಯಂತ್ರಗಳು ಈಗ ಇಲ್ಲ. ಈಗಿನವುಗಳಲ್ಲಿ ಕಿರಣವನ್ನು ಎಣಿಸಲು ಒಂದರ ಹಂಗಿಲ್ಲದ ಇನ್ನೊಂದು ಎಂದು ಎರಡು ಚೇಂಬರುಗಳಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ನಿಲ್ಲಿಸುತ್ತದೆ. ನಾನಿದ್ದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಮೊದಲ ರೋಗಿಯನ್ನು ಒಳಗೆ ಕರೆಯುವ ಮುನ್ನ ಫಿಸಿಸಿಸ್ಟರು ಕಿರಣವನ್ನು ಬೇರೆ ಉಪಕರಣದಿಂದ ಅಳೆದು ನೋಡುತ್ತಿದ್ದರು. ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ತಿಳಿಯುವವರೆಗೆ ಯಾರನ್ನೂ ಮಲಗಿಸುವುದಿಲ್ಲ ಎಂದರು. ಒಳಗೆ ಕ್ಯಾಮೆರಾ ಇದೆ, ಮೈಕ್ ಇದೆ. ಏನಾದರೂ ಅನ್ನಿಸಿದರೆ ಕೈಯೆತ್ತಿ, ಕೂಗಿ, ನಾವು ನೋಡುತ್ತಿರುತ್ತೇವೆ ಎಂದು ಮೊದಲ ದಿನವೇ ಹೇಳಿಕೊಡುತ್ತಾರೆ.

ಆದರೆ ಕೈಯೆತ್ತಬೇಕಲ್ಲ! ನಾಲ್ಕನೆಯ ವಾರದ ಹೊತ್ತಿಗೆ ಅಕ್ಕನ ಕಂಕುಳಿನ ಚರ್ಮ ಕಪ್ಪಾಗಿ ಬಿರಿಯಲು ಶುರುವಾಗಿತ್ತು. ಈ ಚಿಕಿತ್ಸೆಯಲ್ಲಿ ಹಾಗಾಗುವುದುಂಟು, ಅದಕ್ಕೆ ಮುಲಾಮು ಇದೆ, ಆರೈಕೆ ಇದೆ. ಟೆಕ್ನೀಷಿಯನ್ ಹುಡುಗಿ ದಿನವೂ ‘ಏನಾದ್ರೂ ತೊಂದ್ರೆ ಇದೆಯೇನಮ್ಮಾ?’ ಎಂದು ಕೇಳುತ್ತಿದ್ದಳು. ಅಕ್ಕ ದಿನವೂ ‘ಏನಿಲ್ಲ ಕಣಮ್ಮ’ ಎನ್ನುತ್ತಿದ್ದರು. ರಾತ್ರಿ ಅವರು ಮಗ್ಗುಲು ಬದಲಾಯಿಸಲಾರದೆ ಕೂತದ್ದನ್ನು ಕಂಡು ನಾನು ದೀಪ ಹಾಕಿ ರವಿಕೆ ಸರಿಸಿ ನೋಡಿದಾಗಲೇ ತಿಳಿದದ್ದು. ‘ಯಾಕಕ್ಕಾ, ಹೇಳಬಾರದಿತ್ತೇ?’ ಎಂದೆ. ‘ಪಾಪ ಆ ಹುಡುಗಿ ಬೆಳಿಗ್ಗೆಯಿಂದ ನಿಂತೇ ಇರುತ್ತೆ. ಹೊರಗೆ ನೋಡಿದೆಯಾ, ಅಷ್ಟು ಜನ. ನನ್ನದೊಂದು ದೊಡ್ಡದಾ’ ಎಂದರು.

ಮೂವತ್ತು ವರ್ಷ ಒಂದೇ ಮನೆಯ ಲೆಕ್ಕ ನೋಡಿಕೊಂಡವರು ನಾವಿಬ್ಬರು. ಮಾವನವರು ಹಾಸಿಗೆ ಹಿಡಿದ ಎರಡು ವರ್ಷ, ಭಾವನವರ ಅಂಗಡಿ ಮುಚ್ಚಿದ ವರ್ಷ, ಆಗೆಲ್ಲ ಯಾರು ಕೇಳಿದರೂ ಅಕ್ಕ ಹೇಳಿದ್ದು ಈ ‘ಏನಿಲ್ಲ’ವನ್ನೇ. ಅಯಾನ್ ಚೇಂಬರಿನ ವಿಷಯ ತಿಳಿದ ಮೇಲೆ ಆ ಮಾತು ನನಗೆ ಬೇರೆಯಾಗಿ ಕೇಳಿಸುತ್ತದೆ. ಸಣ್ಣ ತಲೆನೋವಿಗೆ ಗೊಣಗುತ್ತಿದ್ದವರು ಅವರೇ. ಪಾತ್ರೆ ಸದ್ದಾದರೆ ರೇಗುತ್ತಿದ್ದವರೂ ಅವರೇ. ತರಗತಿಯಲ್ಲೂ ಇದನ್ನು ಕಂಡಿದ್ದೇನೆ. ಮಂಡಿ ತರಚಿದ ಹುಡುಗಿ ಕಾರಿಡಾರಿನ ತುಂಬ ಅಳುತ್ತಾಳೆ. ಮನೆಯಲ್ಲಿ ಏನೋ ನಡೆಯಬಾರದ್ದು ನಡೆಯುತ್ತಿರುವ ಹುಡುಗಿ ಕೊನೆಯ ಬೆಂಚಿನಲ್ಲಿ ಶಾಂತವಾಗಿ ಕೂತಿರುತ್ತಾಳೆ, ಕೇಳಿದರೆ ‘ಏನಿಲ್ಲ ಮಿಸ್’ ಎನ್ನುತ್ತಾಳೆ. ಅಂಥವಳನ್ನು ನಾನು ಮತ್ತೊಮ್ಮೆ ಕೇಳುವುದಿಲ್ಲ, ಸುಮ್ಮನೆ ನೋಟ್‌ಬುಕ್ ಜೋಡಿಸುವ ಕೆಲಸ ಕೊಟ್ಟು ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತೇನೆ. ಕೆಲವರು ಮಾತಾಡುತ್ತಾರೆ, ಕೆಲವರು ನೋಟ್‌ಬುಕ್ ಜೋಡಿಸಿಟ್ಟು ಹೋಗುತ್ತಾರೆ.

ಮರುದಿನ ಬೆಳಿಗ್ಗೆ ನಾನೇ ಒಳಗೆ ಹೋಗಿ ಹೇಳಿದೆ. ಡಾಕ್ಟರು ನೋಡಿ ಮುಲಾಮು ಬರೆದುಕೊಟ್ಟರು, ಎರಡು ದಿನ ಚಿಕಿತ್ಸೆಗೆ ಬಿಡುವು ಕೊಟ್ಟರು. ಅಕ್ಕ ಈಗ ಚೆನ್ನಾಗಿದ್ದಾರೆ, ಕಳೆದ ತಿಂಗಳು ಮೊಮ್ಮಗನ ನಾಮಕರಣಕ್ಕೆ ಅವರೇ ಹೋಳಿಗೆಗೆ ಹೂರಣ ರುಬ್ಬಿದರು.

ಆರು ಜನರಲ್ಲಿ ಒಬ್ಬಳ ವಿಷಯ ಹೇಳದೆ ಉಳಿದಿದೆ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನವಳು. 1985ರ ಡಿಸೆಂಬರಿನಲ್ಲಿ ಚಿಕಿತ್ಸೆ ಪಡೆದ ಅವಳ ಸೊಂಟದ ಬಲಭಾಗದ ಮೇಲೆ ಸಾಲು ಸಾಲಾಗಿ ಕೆಂಪು ಪಟ್ಟೆಗಳು ಎದ್ದವು. ಆಸ್ಪತ್ರೆಯವರು ಅಸಡ್ಡೆ ಮಾಡಲಿಲ್ಲ. ಅವಳು ಬಳಸುತ್ತಿದ್ದ ಶಾಖ ಕೊಡುವ ಪ್ಯಾಡಿನ ಮೇಲೂ ಅನುಮಾನಪಟ್ಟು ನೋಡಿದರು. ಜನವರಿ ಕೊನೆಯಲ್ಲಿ ಕಂಪನಿಗೆ ಪತ್ರ ಬರೆದು ಕೇಳಿದರು. 1986ರ ಫೆಬ್ರವರಿ 24ರ ದಿನಾಂಕದ ಉತ್ತರ ಬಂತು. ಇಂಥ ಗಾಯ ಯಂತ್ರದ ದೋಷದಿಂದಾಗಲಿ, ಆಪರೇಟರಿನ ತಪ್ಪಿನಿಂದಾಗಲಿ ಆಗಲಾರದು ಎಂದು, ಎರಡು ಪುಟ ತಾಂತ್ರಿಕ ಕಾರಣಗಳ ಸಮೇತ. ಆಸ್ಪತ್ರೆಯವರು ಕಾರಣ ತಿಳಿಯದು ಎಂದು ಅಲ್ಲಿಗೆ ಬಿಟ್ಟರು. ಆ ಪತ್ರ ಬಂದು ತಿಂಗಳು ತುಂಬುವ ಮೊದಲೇ ಟೈಲರಿನ ಮೊದಲ ಅವಘಡವಾಯಿತು. 1987ರ ಜನವರಿಯಲ್ಲಿ ಯಾಕಿಮಾದ ಅದೇ ಯಂತ್ರದಲ್ಲಿ ಇನ್ನೊಬ್ಬ ರೋಗಿ ಸುಟ್ಟ, ಅವನ ಮೈಮೇಲೂ ಅದೇ ಪಟ್ಟೆಗಳು ಎದ್ದವು. ಆಗ ಅಲ್ಲಿನವರಿಗೆ ಅವಳ ನೆನಪಾಯಿತು. ಕರೆಸಿ ನೋಡಿದರು. ಒಂದು ವರ್ಷದಿಂದ ಅವಳ ಚರ್ಮದಲ್ಲಿ ಮಾಯದ ಹುಣ್ಣಿತ್ತು, ಒಳಗೆ ಮಾಂಸ ಸತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿ ಬೇರೆ ಕಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಗಾಯದ ಕಲೆ ಉಳಿಯಿತು, ನೋವು ಹೋಯಿತು, ಅವಳು ಬದುಕಿದಳು.